ಸುಣ್ಣದ ಗೆರೆ, ಸವೆದ ಶಟರ್

ಕ್ಯಾಮೆರಾ ಕೆಮ್ಮುವುದನ್ನು ಮೊದಲು ಕೇಳಿಸಿಕೊಂಡವನು ನಾನು. ಕೇಳಿಸಿಕೊಂಡೂ ಸುಮ್ಮನಿದ್ದೆ ಎಂದು ಬರೆಯಲು ಹೊರಟಿದ್ದೆ, ಅದೂ ಸುಳ್ಳಾಗುತ್ತದೆ. ಸುಮ್ಮನಿರುವ ಗುಣ ನನಗೆ ಹುಟ್ಟಿನಿಂದಲೇ ಇಲ್ಲ. ಆ ಕೆಮ್ಮನ್ನು ಅಣಕಿಸಿ ತೋರಿಸಿದೆ, ಕೇಳಿದವರು ನಕ್ಕರು. ಯಾರಿಗೆ ಹೇಳಬೇಕಿತ್ತೋ ಅವರೂ ನಕ್ಕರು. ಅವರು ನಕ್ಕಿದ್ದರಿಂದ ಹೇಳಿದ ಹಾಗಾಯಿತು ಎಂದು ನಾನು ತಿಳಿದುಕೊಂಡೆ.

ನಾನು ಚಾಮರಾಜನಗರದವನು. ಡಿಪ್ಲೊಮಾ ಮುಗಿಸಿ ಕೆಲಸವಿಲ್ಲದೆ ಕಳೆದ ಎರಡು ವರ್ಷಗಳಲ್ಲಿ ನಾನು ಸಂಪಾದಿಸಿದ್ದು ದನಿಗಳನ್ನು ಮಾತ್ರ. ಅಮ್ಮ ನೆಂಟರೊಂದಿಗೆ ಫೋನಿನಲ್ಲಿ ಮಾತಾಡುವ ದನಿ, ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೇಳುವ ದನಿ, ತಾಲ್ಲೂಕು ಕಚೇರಿಯ ಗುಮಾಸ್ತರು 'ನಾಳೆ ಬನ್ನಿ' ಅನ್ನುವ ಮೊದಲು ಗಂಟಲು ಸರಿಮಾಡಿಕೊಳ್ಳುವ ರೀತಿ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ನನ್ನನ್ನೂ ನಾನು ಬಿಟ್ಟಿರಲಿಲ್ಲ. ಸಂದರ್ಶನದಲ್ಲಿ ನಾನು ಇಂಗ್ಲಿಷ್ ಮಾತಾಡಿದ್ದನ್ನು ಮಾಡಿ ತೋರಿಸುತ್ತಿದ್ದೆ: ಮೂರು ಪದ, ಒಂದು ಕೆಮ್ಮು, ಮತ್ತೆ ಅದೇ ಮೂರು ಪದ. ಅಂಥವನಿಗೂ ಕೊನೆಗೊಂದು ಕೆಲಸ ಸಿಕ್ಕಿತು, ಡ್ರೋನ್ ಸರ್ವೆಯಲ್ಲಿ.

ಹಳ್ಳಿಗಳ ಮನೆ, ಹಿತ್ತಲು, ಕೊಟ್ಟಿಗೆ, ಓಣಿಗಳ ಚಿತ್ರವನ್ನು ಮೇಲಿನಿಂದ ತೆಗೆದು, ಆ ಚಿತ್ರಗಳನ್ನು ಜೋಡಿಸಿ ನಕ್ಷೆ ಮಾಡುವುದು. ಆ ನಕ್ಷೆಯ ಮೇಲೆ ಪ್ರತಿ ಮನೆಯವರಿಗೂ ಹಕ್ಕುಪತ್ರ ಬರೆಯುವುದು. ನಕ್ಷೆ ಮಾಡುವವರು ಮೈಸೂರಿನಲ್ಲಿ, ಹಕ್ಕುಪತ್ರ ಬರೆಯುವವರು ಇಲಾಖೆಯಲ್ಲಿ. ಬಿಸಿಲಲ್ಲಿ ನಿಲ್ಲುವವರು ನಾವಿಬ್ಬರು. ಡ್ರೋನ್ ಹಾರಿಸುತ್ತಿದ್ದವರು ಗುಂಡ್ಲುಪೇಟೆಯವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ. ಹಾರಿಸುವ ಮೊದಲು ಆಕಾಶವನ್ನೊಮ್ಮೆ ನೋಡಿ ಮೂಗಿನಿಂದ ಉಸಿರು ಬಿಡುತ್ತಿದ್ದರು, ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದವರ ಹಾಗೆ. ಅದನ್ನು ಅವರ ಎದುರಿಗೇ ಮಾಡಿ ತೋರಿಸುತ್ತಿದ್ದೆ. ಬಯ್ಯುತ್ತಿರಲಿಲ್ಲ. ಒಳ್ಳೆಯವರು.

ನನ್ನ ಪಾಲಿನ ಕೆಲಸ ಬ್ಯಾಟರಿ ಬದಲಿಸುವುದು, ನೆಲದ ಮೇಲೆ ಗುರುತಿನ ಹಾಳೆಗಳನ್ನು ಹಾಸುವುದು, ಹಾರುತ್ತಿರುವಾಗ ಅದರ ಮೇಲಿಂದ ಕಣ್ಣು ತೆಗೆಯದಿರುವುದು. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯದು: ಊರು ಬಿಡುವ ಮೊದಲು ತೆಗೆದ ಚಿತ್ರಗಳನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿ ಒಂದೊಂದಾಗಿ ನೋಡುವುದು.

ನಮ್ಮ ಕ್ಯಾಮೆರಾದ ಕಣ್ಣೊಳಗೆ ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಕಪ್ಪು ಎಸಳುಗಳಿದ್ದವು. ಒಂದೊಂದು ಚಿತ್ರಕ್ಕೂ ಆ ಎಸಳುಗಳು ಒಮ್ಮೆ ತೆರೆದು ಮುಚ್ಚಬೇಕು. ಅದೇ ಶಟರ್. ಮದುವೆ ಮನೆಯ ಕ್ಯಾಮೆರಾ ಧಾರೆಯ ಹೊತ್ತಿಗೆ ಒಂದಷ್ಟು ಸಲ ಕಣ್ಣು ಮಿಟುಕಿಸಿ ಊಟಕ್ಕೆ ಹೋಗುತ್ತದೆ. ನಮ್ಮದಕ್ಕೆ ಊಟವಿಲ್ಲ. ಮೇಲೆದ್ದ ಗಳಿಗೆಯಿಂದ ಇಳಿಯುವ ತನಕ ಎರಡು ಸೆಕೆಂಡಿಗೊಂದರಂತೆ ಮಿಟುಕಿಸುತ್ತಲೇ ಇರಬೇಕು, ದಿನಕ್ಕೆ ಒಂದೂರು, ಕೆಲವು ದಿನ ಎರಡೂರು. ಇಷ್ಟು ಸಾವಿರ ಸಲ ಮಿಟುಕಿಸುತ್ತದೆ, ಆಮೇಲೆ ನಂಬಬೇಡಿ ಎಂದು ಮಾಡಿದವರೇ ಬರೆದು ಕೊಟ್ಟಿರುತ್ತಾರೆ. ನಮ್ಮದು ಆ ಗಡಿಯನ್ನು ಯಾವಾಗಲೋ ದಾಟಿತ್ತು. ಅಣ್ಣ ಎರಡು ಸಲ ಬೇರೆ ಕ್ಯಾಮೆರಾ ಕೇಳಿದ್ದರು. ಈ ತಾಲ್ಲೂಕೊಂದು ಮುಗಿಯಲಿ ಎಂದು ಗುತ್ತಿಗೆಯವರು ಹೇಳಿದ್ದರು.

ಮೊದಲ ಕೆಟ್ಟ ಚಿತ್ರ ಸಿಕ್ಕಿದ್ದು ಪುಣಜನೂರಿನ ಕಡೆ ಕೆಲಸ ಮಾಡಿದ ದಿನ. ನೂರಾರು ಚಿತ್ರಗಳ ನಡುವೆ ಒಂದರಲ್ಲಿ ಮೇಲಿನ ಅರ್ಧ ಹೊಲ, ಕೆಳಗಿನ ಅರ್ಧ ಕಪ್ಪು. ಆನೆ ಅಡ್ಡ ನಿಂತಿರಬೇಕು ಅಂದೆ. ಅಣ್ಣ ನಕ್ಕು ಅದನ್ನು ಅಳಿಸಿದರು. ಅಳಿಸಿದರೆ ನಷ್ಟವಿರಲಿಲ್ಲ. ಒಂದು ಮನೆಯ ಮೇಲೆ ಏಳೆಂಟು ಚಿತ್ರಗಳು ಒಂದರ ಮೇಲೊಂದು ಬೀಳುತ್ತವೆ. ಒಂದು ಕುರುಡಾದರೆ ಉಳಿದವು ನೋಡಿರುತ್ತವೆ. ಹಾಗಾಗಿ ಒಂದು, ಎರಡು, ಮೂರು ಎಂದು ಕೆಟ್ಟ ಚಿತ್ರಗಳು ಹೆಚ್ಚಿದರೂ ನಕ್ಷೆಗಳು ಚೆನ್ನಾಗಿಯೇ ಬರುತ್ತಿದ್ದವು. ನಮಗೆ ಅಭ್ಯಾಸವಾಯಿತು.

ಕಿವಿಗೆ ಮಾತ್ರ ಅಭ್ಯಾಸವಾಗಲಿಲ್ಲ. ಮೇಲೇರಿಸುವ ಮೊದಲು, ರೆಕ್ಕೆ ತಿರುಗುವ ಮುನ್ನ, ನೆಲದ ಮೇಲಿಟ್ಟು ಒಂದು ಚಿತ್ರ ತೆಗೆಯುವುದು ಪದ್ಧತಿ. ಹೊಸದರಲ್ಲಿ ಅದು ಒಂದೇ ಸದ್ದು, 'ಟಿಕ್' ಎಂದು, ಉಗುರಿನಿಂದ ಬೆಂಕಿಪೊಟ್ಟಣ ತಟ್ಟಿದ ಹಾಗೆ. ಈಗ ಅದರ ಹಿಂದೆ ಒಂದು ಸಣ್ಣ ಎಳೆತ ಸೇರಿತ್ತು, 'ಟಿಸ್ಕ್'. ಬೀಡಿ ಸೇದುವವರು ಬೆಳಿಗ್ಗೆ ಎದ್ದಾಗ ಎದೆಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ನಾನದನ್ನು ಬಾಯಿಂದ ಮಾಡಿ, ಕೊನೆಗೊಂದು ಮುದುಕನ ಕೆಮ್ಮನ್ನೂ ಸೇರಿಸಿದೆ. ಹೋದ ಕಡೆಯಲ್ಲೆಲ್ಲ ಅದಕ್ಕೆ ನಗು ಬಿತ್ತು.

ಚಾಮರಾಜನಗರದಲ್ಲಿ ದೇವಸ್ಥಾನದ ಹಿಂದಿನ ಬೀದಿಯಲ್ಲಿ ರೀಲಿನ ಕಾಲದಿಂದಲೂ ಕ್ಯಾಮೆರಾ ರಿಪೇರಿ ಮಾಡುವ ಚಾಚಾ ಒಬ್ಬರಿದ್ದಾರೆ. ಒಂದು ಭಾನುವಾರ ಅವರ ಅಂಗಡಿಯಲ್ಲಿ ಕೂತು ಅದೇ ಸದ್ದು ಮಾಡಿದೆ. ಎಲ್ಲರೂ ನಕ್ಕ ಜಾಗದಲ್ಲಿ ಅವರು ನಗಲಿಲ್ಲ. ಸ್ಕ್ರೂಡ್ರೈವರ್ ಕೆಳಗಿಟ್ಟು, ಇನ್ನೊಂದು ಸಲ ಮಾಡು ಅಂದರು. ಮಾಡಿದೆ. ಕೊನೆಯ ಕೆಮ್ಮು ಬೇಡ, ಸದ್ದು ಮಾತ್ರ ಮಾಡು ಅಂದರು. ಡಾಕ್ಟರು ಬೆನ್ನಿಗೆ ಕಿವಿಯಿಟ್ಟ ಹಾಗೆ ಕಣ್ಣು ಮುಚ್ಚಿ ಕೇಳಿದರು.

"ಒಂದು ಎಸಳು ಹಿಂದೆ ಬೀಳ್ತಾ ಇದೆ ಬೇಟಾ. ತೂತು ಸವೆದಿರುತ್ತೆ, ಮೊಳೆ ಆಡ್ತಾ ಇರುತ್ತೆ. ಇವತ್ತು ತಡ ಮಾಡ್ತದೆ, ಒಂದು ದಿನ ಬರೋದೇ ಇಲ್ಲ. ಅದಕ್ಕೆ ಮೊದಲು ಬದಲಾಯಿಸಿ."

ಎಸಳನ್ನು ನಿಲ್ಲಿಸಿ ಬರೀ ಎಲೆಕ್ಟ್ರಾನಿಕ್ ಶಟರಿನಲ್ಲಿ ತೆಗೆದರಾಗದೇ ಎಂದು ಕೇಳಿದೆ. ನಿಂತು ತೆಗೆದರೆ ಆದೀತು, ಹಾರುತ್ತಾ ಆಗುವುದಿಲ್ಲ ಅಂದರು. ಅದು ಚಿತ್ರವನ್ನು ಸಾಲು ಸಾಲಾಗಿ ಓದುತ್ತದಂತೆ. ಮೊದಲ ಸಾಲು ಓದಿ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಡ್ರೋನ್ ಮುಂದೆ ಹೋಗಿರುತ್ತದೆ. ನೆಟ್ಟಗಿನ ಗೋಡೆ ಓರೆಯಾಗಿ ಬರುತ್ತದೆ. ಗೋಡೆ ಓರೆ ಮಾಡಿಕೊಂಡು ಜನರಿಗೆ ಹಕ್ಕುಪತ್ರ ಕೊಡುತ್ತೀರಾ ಎಂದು ಕೇಳಿದರು. ಆ ಮಾತನ್ನು ಅವರ ದನಿಯಲ್ಲೇ ಅಣ್ಣನಿಗೆ ಒಪ್ಪಿಸಿದೆ. ಎಸಳಿನ ಮಾತೂ ಅದರೊಳಗಿತ್ತು. ಅಣ್ಣ ನಕ್ಕರು, ದನಿ ಅಷ್ಟು ಚೆನ್ನಾಗಿ ಬಂದಿತ್ತು.

ಭೀಮನಬೀಡು ದಾಟಿದ ಮೇಲೆ ಒಂದೂರು. ಅದರ ಹೆಸರು ಬೇಡ. ಗೋಪಾಲಸ್ವಾಮಿ ಬೆಟ್ಟ ಎದುರಿಗೇ ಕಾಣುತ್ತದೆ. ಮೋಡ ಬೆಟ್ಟದಿಂದ ಇಳಿದರೆ ನಾವು ಡ್ರೋನ್ ಇಳಿಸಬೇಕು. ಹಾರಿಸುವ ಹಿಂದಿನ ದಿನ ಊರಿನವರು ತಮ್ಮ ತಮ್ಮ ಜಾಗದ ಸುತ್ತ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿರಬೇಕು. ಆ ಬಿಳಿ ಗೆರೆಗಳು ಮೇಲಿನಿಂದ ಕಾಣುತ್ತವೆ, ನಕ್ಷೆಯಲ್ಲಿ ಗಡಿಯಾಗುತ್ತವೆ. ಬೇರೆ ಊರುಗಳಲ್ಲಿ ಚೀಲಕ್ಕೆ ತೂತು ಮಾಡಿ, ಹುಡುಗರು ಓಡುತ್ತಾ ಎಳೆದುಬಿಡುತ್ತಿದ್ದರು. ಈ ಊರಿನಲ್ಲಿ ಹಾಗಿರಲಿಲ್ಲ. ಮನೆಯ ಹಿರಿಯರು ಮಿಂದು, ವಿಭೂತಿ ಧರಿಸಿ, ಚಪ್ಪಲಿ ಬಿಟ್ಟು, ತಮ್ಮ ಕೈಯಿಂದಲೇ ಸುಣ್ಣ ಬಿಡಬೇಕು. ಎದುರು ಮನೆಯವರು ನಿಂತು ನೋಡಬೇಕು. ಬಿಟ್ಟ ಮೇಲೆ ಅದನ್ನು ಯಾರೂ ತುಳಿಯುವಂತಿಲ್ಲ. ಇಂಥದೇ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಜಮೀನಿನ ಗಡಿಗೆ ಹಿಂದಿನಿಂದ ಮಾಡುತ್ತಿದ್ದದ್ದನ್ನೇ ನಮ್ಮ ಡ್ರೋನಿಗೂ ಮಾಡಿದರು.

ಊರಿನ ಪಶ್ಚಿಮದ ಅಂಚಿನಲ್ಲಿ ಒಂದು ದೊಡ್ಡ ಮನೆ. ಅದರ ಯಜಮಾನರಿಗೆ ಎಪ್ಪತ್ತು ದಾಟಿತ್ತು. ಅವರ ಗೋಡೆಯ ಪಕ್ಕಕ್ಕೆ ಒಂದು ಓಣಿ, ಓಣಿಯ ಕೊನೆಗೆ ತೀರಿಹೋದ ತಮ್ಮನ ಹೆಂಡತಿಯ ಹಿತ್ತಲು, ಅಲ್ಲೊಂದು ಕೊಟ್ಟಿಗೆ. ಆಕೆಯ ಮನೆ ಬೀದಿಗೆ, ಕೊಟ್ಟಿಗೆ ಹಿಂದಕ್ಕೆ. ಊರೊಳಗಿಂದ ಹಿತ್ತಲಿಗೆ ಹೋಗಲು ಆ ಓಣಿಯೊಂದೇ ದಾರಿ. ಓಣಿ ತಮ್ಮದೆಂದು ಯಜಮಾನರ ಮಕ್ಕಳು ವರ್ಷಗಳಿಂದ ಅಲ್ಲಿ ಸೌದೆ ಒಟ್ಟಿ, ಬೈಕು ನಿಲ್ಲಿಸಿ, ಒಬ್ಬರು ಓರೆಯಾಗಿ ನುಸುಳುವಷ್ಟು ಮಾತ್ರ ಬಿಟ್ಟಿದ್ದರು. ಆಕೆ ದನವನ್ನು ದಿನಕ್ಕೆರಡು ಸಲ ಊರು ಸುತ್ತಿಸಿ, ಕೇರಳದ ಲಾರಿಗಳು ಓಡುವ ದೊಡ್ಡ ರಸ್ತೆಯ ಅಂಚಿನಲ್ಲಿ ಹಾದು, ಹಿಂದಿನ ಹೊಲಗಳ ಕಡೆಯಿಂದ ಕೊಟ್ಟಿಗೆಗೆ ಹೊಡೆದುಕೊಂಡು ಹೋಗುತ್ತಿದ್ದರು. ಹಿಂದಿನ ವರ್ಷ ಅದೇ ರಸ್ತೆಯಲ್ಲಿ ಅವರ ಕರು ಲಾರಿಗೆ ಸಿಕ್ಕಿ ಸತ್ತಿತ್ತು. ಇದೆಲ್ಲ ನಾವು ಊರಿಗೆ ಕಾಲಿಟ್ಟ ಅರ್ಧ ಗಂಟೆಯೊಳಗೆ ನನಗೆ ಗೊತ್ತಾಯಿತು. ಬಂದವರಿಗೆ ನೀರು ಕೊಡುವ ಮೊದಲು ಸುದ್ದಿ ಕೊಡುವ ಊರುಗಳಿವೆ, ಅದು ಅಂಥದ್ದು.

ಸುಣ್ಣ ಬಿಡುವ ದಿನ ಯಜಮಾನರು ಓಣಿಯ ಬಾಯಲ್ಲಿ ನಿಂತು ಸೌದೆ ತೆಗೆಸಿದರು. ಎರಡನೆಯ ಮಗ ತೆಗೆದ, ಮುಖ ಗಂಟು ಹಾಕಿಕೊಂಡು. ಹಿರಿಯ ಮಗ ಕೈಕಟ್ಟಿ ನಿಂತಿದ್ದ. ಯಜಮಾನರು ಆಕೆಯ ಮನೆಯ ಕಡೆ ತಿರುಗಿ, ಮುಖ ನೋಡದೆ, ಕರೆದರು.

"ದನ ಇಡ್ಕಂಡು ಬಾರವ್ವ. ಮಂಕರಿ ತಲೆ ಮ್ಯಾಲ ಮಡಿಕ. ದನದ ಪಕ್ಕದಲ್ಲಿ ನಡಿ, ಇಂದೆ ಅಲ್ಲ."

ಆಕೆ ಸೆರಗು ಸರಿಮಾಡಿಕೊಂಡು, ಸಗಣಿ ಹೊರುವ ಬುಟ್ಟಿ, ಆ ಬರಿದಾದ ಮಂಕರಿಯನ್ನು ತಲೆಯ ಮೇಲಿಟ್ಟು, ದನದ ಮಗ್ಗುಲಲ್ಲಿ ನಡೆದರು. ಗೋಡೆಯ ಬದಿಗೆ ದನ, ಈಚೆಗೆ, ಸೌದೆ ಒಟ್ಟಿದ್ದ ಬದಿಗೆ, ಆಕೆ. ಯಜಮಾನರು ಬಗ್ಗಿ, ಆಕೆ ಹೆಜ್ಜೆಯಿಟ್ಟ ಕಡೆಯಿಂದ ಒಂದು ಗೇಣು ಹೊರಗೆ, ಮುಷ್ಟಿಯಿಂದ ಸುಣ್ಣ ಬಿಡುತ್ತಾ ಹಿಂದೆ ನಡೆದರು. ಟೇಪು ನನ್ನ ಕೈಯಲ್ಲಿತ್ತು. ಯಾರೂ ಕೇಳಲಿಲ್ಲ. ಹಿತ್ತಲ ಬೇಲಿಯ ತನಕ ಗೆರೆ ಮುಟ್ಟಿದ ಮೇಲೆ ಅವರು ಸೊಂಟಕ್ಕೆ ಕೈಕೊಟ್ಟು ಎದ್ದು, ಹಿರಿಯ ಮಗನಿಗೆ ಅಂದರು.

"ನೋಡ್ಕಲಾ. ನಾನಿರಗಂಟ ಅಂತಲ್ಲ ಇದು."

ತಾವಿರುವ ತನಕ ಮಾತ್ರವಲ್ಲ, ಆಮೇಲೂ ಗೆರೆ ಇದೇ ಎಂದು. ಆಕೆ ದನದ ಕೊರಳಿಗೆ ಕೈಹಾಕಿ ಅದನ್ನು ಕೊಟ್ಟಿಗೆಯೊಳಕ್ಕೆ ನಡೆಸಿದರು.

ಮಾರನೆಯ ಬೆಳಿಗ್ಗೆ ನೆಲದ ಮೇಲೆ ಪರೀಕ್ಷೆಗೆ ಒಂದು ಚಿತ್ರ ತೆಗೆದಾಗ ಸದ್ದು ಎಂದಿನ ಹಾಗಿರಲಿಲ್ಲ. ಎಳೆತ ಉದ್ದವಾಗಿತ್ತು. ಕೆಮ್ಮು ಹೋಗಿ ಗೂರಲು ಬಂದ ಹಾಗೆ. ನಾನು ಅದನ್ನೂ ಮಾಡಿ ತೋರಿಸಿದೆ, ಎದೆ ಹಿಡಿದುಕೊಂಡು, ನಾಲಗೆ ಹೊರಹಾಕಿ. ಅಣ್ಣ ಆಕಾಶ ನೋಡಿ ಮೂಗಿನಿಂದ ಉಸಿರು ಬಿಟ್ಟರು. ಬೆಟ್ಟದ ಮೇಲೆ ಮೋಡ ಕೂತಿತ್ತು, ಹೊತ್ತಿರಲಿಲ್ಲ. "ಇದೊಂದೂರು ಮುಗೀಲಿ ಕಣ್ಲಾ" ಅಂದರು. ಹಾರಿಸಿದೆವು.

ಇಳಿದ ಮೇಲೆ ಮಠದ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಊರು ಸುತ್ತ ಸೇರಿತು. ಹಿಂದಿನ ದಿನ ನಾನು ಕಂಡಕ್ಟರನ ದನಿ ತೆಗೆದದ್ದು ಸುದ್ದಿಯಾಗಿತ್ತು. ಅದು ಮಾಡು, ಇದು ಮಾಡು ಎಂದರು. ಗುಮಾಸ್ತರನ್ನು ಮಾಡಿದೆ, ಅಣ್ಣನನ್ನು ಮಾಡಿದೆ. ಕಂಬಕ್ಕೊರಗಿ ಕೂತಿದ್ದ ಯಜಮಾನರು, ನನ್ನಂಗೂ ಮಾತಾಡು ನೋಡನ ಅಂದರು. ಅವರ ದನಿಯನ್ನು ನಾನು ಆಗಲೇ ಎತ್ತಿಟ್ಟುಕೊಂಡಿದ್ದೆ: ಎದೆಯಿಂದ ಹೊರಟು, ಮುಂದಿನ ಹಲ್ಲು ಬಿದ್ದ ಸಂದಿಯಲ್ಲಿ ಸಣ್ಣಗೆ ಶಿಳ್ಳೆಯಾಗಿ ಮುಗಿಯುವ ದನಿ. ಸುಣ್ಣ ಬಿಡುವಾಗ ಬಗ್ಗಿದ ರೀತಿ, ಸೊಂಟ ಹಿಡಿದು ಎದ್ದ ರೀತಿ, ಎಲ್ಲ ಮಾಡಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಮೊದಲ ಇಪ್ಪತ್ತು ಮೂವತ್ತು ಚಿತ್ರ ನೋಡಿದ್ದೆ, ಚೆನ್ನಾಗಿದ್ದವು. ಕೊನೆಯ ಇಪ್ಪತ್ತು ನೋಡಿದೆ, ಅವೂ ಚೆನ್ನಾಗಿದ್ದವು. ಮುಚ್ಚಿದೆ. ಎಲ್ಲ ಸರಿಯಿದೆಯೇ ಎಂದು ಅಣ್ಣ ಕೇಳಿದಾಗ, ಸರಿಯಿದೆ ಅಂದೆ. ಅದನ್ನು ನನ್ನದೇ ದನಿಯಲ್ಲಿ ಹೇಳಿದೆ.

ಮೂರು ವಾರವಾದ ಮೇಲೆ ಮೈಸೂರಿನಿಂದ ಅಣ್ಣನಿಗೆ ಫೋನ್ ಬಂತು. ಆ ಊರಿನ ನಕ್ಷೆಯಲ್ಲಿ ಒಂದು ತೂತು ಬಿದ್ದಿದೆ, ಪಶ್ಚಿಮದ ಅಂಚಿನಲ್ಲಿ. ಎಸಳು ಹಾರಾಟದ ನಡುವೆ ಸಿಕ್ಕಿಕೊಂಡಿತ್ತು. ಡ್ರೋನ್ ಆ ಅಂಚಿಗೆ ಹೋಗಿ, ತಿರುಗಿ, ಪಕ್ಕದ ಸಾಲಿನಲ್ಲಿ ವಾಪಸು ಬರುವಷ್ಟು ಹೊತ್ತು ಅದು ತೆರೆದೇ ಇರಲಿಲ್ಲ. ಆಮೇಲೆ ತಾನಾಗಿಯೇ ಬಿಟ್ಟುಕೊಂಡಿತ್ತು. ನಡುವಿನ ಚಿತ್ರಗಳೆಲ್ಲ ಕಪ್ಪು. ಒಂದೇ ಒಂದರಲ್ಲಿ ಮಾತ್ರ ಅರ್ಧ ತೆರೆದಿತ್ತು. ಅದನ್ನು ಅಣ್ಣ ನನ್ನ ಮೊಬೈಲಿಗೆ ಕಳಿಸಿದರು. ಯಜಮಾನರ ಮನೆಯ ಹೆಂಚು, ಬೀದಿ, ಓಣಿಯ ಬಾಯಿ, ಅಲ್ಲಿಂದ ಒಳಕ್ಕೆ ಹೊರಟ ಬಿಳಿ ಗೆರೆ. ಓಣಿಯ ಅರ್ಧಕ್ಕೆ ಬಂದು ಗೆರೆ ಕತ್ತಲೆಗೆ ಹೋಗುತ್ತದೆ.

ಅಣ್ಣ ಬಯ್ಯಲಿಲ್ಲ. ಬಯ್ದಿದ್ದರೆ ಅದನ್ನೂ ಮಾಡಿ ತೋರಿಸುತ್ತಿದ್ದೆನೋ ಏನೋ. ಎಲ್ಲ ಸರಿಯಿದೆ ಅಂದಿದ್ದೆಯಲ್ಲ ಎಂದಷ್ಟೇ ಕೇಳಿದರು.

ಹೊಸ ಕ್ಯಾಮೆರಾ ಎರಡೇ ದಿನದಲ್ಲಿ ಬಂತು. ಅದನ್ನು ತೆಗೆದುಕೊಂಡು ಊರಿಗೆ ಹೋದೆವು. ಅಷ್ಟರಲ್ಲಿ ಎರಡು ಮಳೆ ಬಿದ್ದಿತ್ತು, ಸುಣ್ಣದ ಗುರುತೂ ಇರಲಿಲ್ಲ. ಮತ್ತೆ ಎಳೆದರಾಯಿತು ಎಂದುಕೊಂಡೇ ಬೈಕಿನಿಂದ ಇಳಿದೆ. ಜಗಲಿಯಲ್ಲಿ ಕೂತಿದ್ದ ಇಬ್ಬರು ಮಕ್ಕಳ ಹಿಂದಿನ ಗೋಡೆಯಲ್ಲಿ ಯಜಮಾನರ ಫೋಟೊಗೆ ಹಾರ ಬಿದ್ದಿತ್ತು. ಹತ್ತು ದಿನದ ಹಿಂದೆ, ಚೆಂಡುಹೂವಿನ ಹೊಲದಲ್ಲಿ ನೀರು ಕಟ್ಟುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವಂತೆ. ಅದೇ ಹೊಲದಲ್ಲಿ ಕೂರಿಸಿ ಮಣ್ಣು ಮಾಡಿದ್ದರು. ನನ್ನ ಕೈ ತಾನಾಗಿ ಎದೆಗೆ ಹೋಯಿತು; ಆ ಬೆಳಿಗ್ಗೆ ನಾನು ಎದೆ ಹಿಡಿದು ನಾಲಗೆ ಹೊರಹಾಕಿದ್ದು ನೆನಪಾಗಿ, ಕೈಯನ್ನು ಜೇಬಿಗೆ ಇಳಿಸಿದೆ.

ಹಿರಿಯ ಮಗ ಸುಣ್ಣದ ಬುಟ್ಟಿ ತಂದ. ಮಿಂದಿದ್ದ, ವಿಭೂತಿ ಧರಿಸಿದ್ದ, ಚಪ್ಪಲಿ ಬಿಟ್ಟಿದ್ದ. ಪದ್ಧತಿಯಲ್ಲಿ ಏನೂ ತಪ್ಪಿರಲಿಲ್ಲ. ಓಣಿಯ ಬಾಯಿಂದ ಹಿತ್ತಲ ಬೇಲಿಯ ತನಕ, ಮಂಕರಿ ಹೊತ್ತ ಹೆಂಗಸೊಬ್ಬಳು ಓರೆಯಾಗಿ ಹೋಗುವಷ್ಟು ಜಾಗ ಬಿಟ್ಟು ಗೆರೆ ಎಳೆದ. ಆಕೆ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಎದುರು ಮನೆಯವರು ಮೊದಲ ಗೆರೆ ನೋಡಿದವರೇ. ಈಗ ಯಾರೂ ಬಾಯಿ ಬಿಡಲಿಲ್ಲ. ಹೊಸ ಯಜಮಾನನ ಬೋರ್‌ವೆಲ್ಲಿನಿಂದ ಅವರಿಗೆ ನೀರು ಬರುತ್ತಿತ್ತು.

ನಿಮ್ಮಪ್ಪ ಎಳೆದ ಗೆರೆ ಇದಲ್ಲವಲ್ಲ ಅಂದೆ. ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ನಿನ್ನ ಚಿತ್ರದಲ್ಲಿ ತೋರಿಸು ಅಂದ. ನನ್ನ ಬಳಿ ಇದ್ದದ್ದು ಅರ್ಧ.

ಆಕೆ ತಕರಾರು ಹಾಕಿದರು, ಅಣ್ಣನೇ ಅರ್ಜಿ ಬರೆದುಕೊಟ್ಟರು. ಪಂಚಾಯಿತಿಯಲ್ಲಿ ವಿಚಾರಣೆಗೆ ದಿನ ಗೊತ್ತಾಯಿತು. ಅದರ ಹಿಂದಿನ ಭಾನುವಾರ ಹಳೆಯ ಕ್ಯಾಮೆರಾ, ಲ್ಯಾಪ್‌ಟಾಪ್ ಎರಡನ್ನೂ ಹೊತ್ತುಕೊಂಡು ಚಾಚಾ ಅಂಗಡಿಗೆ ಹೋದೆ. ಅವರು ಕ್ಯಾಮೆರಾದ ಕಣ್ಣು ಬಿಚ್ಚಿ, ಚಿಮಟದಲ್ಲಿ ಒಂದು ಎಸಳನ್ನು ಎತ್ತಿ ಬೆಳಕಿಗೆ ಹಿಡಿದರು. ಅಂಚಿನ ಕಪ್ಪು ಬಣ್ಣ ಉಜ್ಜಿ ಹೋಗಿ ತಗಡು ಹೊಳೆಯುತ್ತಿತ್ತು. ಮೊಳೆ ಕೂರುವ ತೂತು ದುಂಡಗಿರಲಿಲ್ಲ, ಗೋಧಿ ಕಾಳಿನ ಹಾಗೆ ಉದ್ದವಾಗಿತ್ತು. ನೀನು ಮಾಡಿದ ಸದ್ದು ಇದೇ ಅಂದರು. ಒಂದು ಹಳ್ಳಿಯ ದಾರಿಯನ್ನು ನುಂಗಿದ ವಸ್ತು ನನ್ನ ಕಿರುಬೆರಳಿನ ಉಗುರಿನಷ್ಟೂ ಇರಲಿಲ್ಲ.

ನಾನು ಚಿತ್ರದ ಕಪ್ಪು ಭಾಗವನ್ನು ಲ್ಯಾಪ್‌ಟಾಪಿನಲ್ಲಿ ಬೆಳಗಿಸಲು ಎರಡು ದಿನ ಹೆಣಗಾಡಿದ್ದೆ. ಎಷ್ಟು ಎಳೆದರೂ ಕೆಂಪು, ನೀಲಿ ಕಾಳುಗಳು ಬಿಟ್ಟರೆ ಏನೂ ಏಳುತ್ತಿರಲಿಲ್ಲ. ಹಳೆಯ ಫೋಟೊಗಳನ್ನು ಚೆನ್ನಾಗಿ ಮಾಡಿಕೊಡುತ್ತೀರಲ್ಲ, ಇದನ್ನೂ ಮಾಡಿ ಎಂದು ಕೇಳಿದೆ. ಕೇಳುವಾಗ ನನ್ನ ದನಿ ಯಾರ ದನಿಯಂತೆಯೂ ಇರಲಿಲ್ಲ.

"ಬೆಳಕು ಒಳಗೆ ಬಂದಿದ್ರೆ ಹುಡುಕಬಹುದಿತ್ತು ಬೇಟಾ. ಅದು ಬರಲೇ ಇಲ್ಲ" ಅಂದರು ಚಾಚಾ. ನನಗೆ ಚಹಾ ತರಿಸಿದರು. ಎಸಳನ್ನು ಒಂದು ಕಾಗದದಲ್ಲಿ ಮಡಿಸಿ ಕೈಗೆ ಕೊಟ್ಟರು.

ವಿಚಾರಣೆಗೆ ಬಂದ ಅಧಿಕಾರಿ ತಾಳ್ಮೆಯವರು, ಎಲ್ಲರ ಮಾತನ್ನೂ ಬರೆದುಕೊಳ್ಳುತ್ತಿದ್ದರು. ನನ್ನ ಸರದಿ ಬಂತು. ಶಟರ್ ಕೆಡುತ್ತಿದ್ದದ್ದು ನನಗೆ ಗೊತ್ತಿತ್ತು, ರಿಪೇರಿಯವರು ಎಚ್ಚರಿಸಿದ್ದರು, ಚಿತ್ರಗಳನ್ನು ಪೂರ್ತಿ ನೋಡದೆ ಸರಿಯಿದೆ ಅಂದವನು ನಾನೇ ಎಂದು ಹೇಳಿದೆ. ಅಣ್ಣ ನೆಲ ನೋಡುತ್ತಿದ್ದರು. ಗೆರೆ ಎಳೆದ ದಿನ ಏನಾಯಿತು ಎಂದು ಅಧಿಕಾರಿ ಕೇಳಿದರು. ಮಂಕರಿ, ದನ, ಆಕೆಯ ಹೆಜ್ಜೆ, ಒಂದು ಗೇಣು, ಎಲ್ಲ ಹೇಳುತ್ತಾ ಹೋದೆ. ಕೊನೆಗೆ ಯಜಮಾನರು ಮಗನಿಗೆ ಅಂದ ಮಾತಿಗೆ ಬಂದೆ.

ನಾನು ಬೇಕೆಂದು ಮಾಡಲಿಲ್ಲ. ಇದನ್ನು ಈಗ ಬರೆಯುವಾಗಲೂ ನಂಬಿಸಬೇಕಾಗಿದೆ, ಆಗ ಯಾರು ನಂಬುತ್ತಿದ್ದರು. ಆ ಮಾತು ನನ್ನ ಗಂಟಲಿಗೆ ಬರುವಾಗ ಅವರ ದನಿಯಲ್ಲೇ ಬಂತು. ಎದೆಯಿಂದ ಹೊರಟು, ಹಲ್ಲಿನ ಸಂದಿಯಲ್ಲಿ ಶಿಳ್ಳೆಯಾಗಿ ಮುಗಿಯಿತು. ನಾನಿರಗಂಟ ಅಂತಲ್ಲ ಇದು. ಕೋಣೆಯಲ್ಲಿ ಎಲ್ಲರೂ ತಲೆಯೆತ್ತಿದರು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹಿರಿಯ ಮಗ ಎದ್ದು ನಿಂತ. ಅವನ ಮುಖದಲ್ಲಿ ಸಿಟ್ಟಿಗಿಂತ ಮೊದಲು ಬೇರೇನೋ ಬಂದು ಹೋಯಿತು. ಕತ್ತಲಲ್ಲಿ ಯಾರೋ ಹೆಸರು ಹಿಡಿದು ಕರೆದ ಹಾಗೆ. ಆಮೇಲೆ ಸಿಟ್ಟು ಬಂತು.

"ಮಠದ ಜಗಲೀಲಿ ನಮ್ಮಪ್ಪನ್ನ ಆಡ್ಕಂಡು ಊರ್ನೆಲ್ಲ ನಗ್ಸುದವ್ನು ಸಾರ್ ಇವ್ನು. ಅದ ಮಾಡ್ತಾನೇ ಪೋಟ ನೋಡ್ದೆ ಬುಟ್ಟವ್ನು. ಇವತ್ತು ಸತ್ತವ್ರ ದನಿ ತಗುದು ಸಾಕ್ಸಿ ಏಳ್ತಾವ್ನ. ಇವ್ನ ಮಾತ ಏನಂತ ಬರ್ಕತೀರಿ?"

ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಅಧಿಕಾರಿ ಪೆನ್ನು ಕೆಳಗಿಟ್ಟರು. ನನ್ನ ಕಡೆ ನೋಡಿದರು. ಬಯ್ಯುವವರ ನೋಟವಲ್ಲ, ಇನ್ನೇನಾದರೂ ಇದೆಯೇ ಎಂದು ಕೇಳುವವರ ನೋಟ. ನಾನು ಅರ್ಧದ ಚಿತ್ರವನ್ನು ಮುಂದಿಟ್ಟೆ. ಅವರು ಅದನ್ನು ತುಂಬ ಹೊತ್ತು ನೋಡಿದರು, ಅಳತೆ ಹಾಕಿಸಿದರು. ಎದುರು ಮನೆಯವರನ್ನು ಮತ್ತೊಮ್ಮೆ ಕೇಳಿದರು. ಅವರು, ಅಷ್ಟು ಚೆನ್ನಾಗಿ ನೆನಪಿಲ್ಲ ಬುದ್ಧಿ ಅಂದರು.

ಚಿತ್ರದಲ್ಲಿ ಕಂಡಷ್ಟು ದೂರ ಯಜಮಾನರ ಗೆರೆಯೇ ಗಡಿ. ಕಾಣದ ಕಡೆ ಜಾಗ ಸ್ವಾಧೀನದಲ್ಲಿರುವವರು ತೋರಿಸಿದ್ದೇ ಗಡಿ. ಹಾಗೆಂದು ಬರೆದರು. ಕೈಯಲ್ಲಿರುವ ಕಾಗದದ ಮೇಲೆ ಇದಕ್ಕಿಂತ ಹೆಚ್ಚಿಗೆ ತನಗೆ ಮಾಡಲಾಗದು, ಒಪ್ಪಿಗೆಯಾಗದಿದ್ದರೆ ಮೇಲೆ ಹೋಗಬಹುದು ಎಂದು ಆಕೆಗೆ ನಿಧಾನವಾಗಿ ವಿವರಿಸಿದರು. ಆಕೆ ಎಲ್ಲಿಗೆ ಹೋಗಬೇಕು, ಎಷ್ಟು ಸಲ ಹೋಗಬೇಕು ಎಂದು ಕೇಳಿದರು. ಅಷ್ಟು ಸಲ ಓದ್ರ ದನ ಯಾರು ನೋಡ್ತಾರ ಎಂದು ತಮಗೆ ತಾವೇ ಹೇಳಿಕೊಂಡು ಸಹಿ ಹಾಕಿದರು. ಹೊರಗೆ ಬಂದಾಗ ನಾನು ಬಾಗಿಲ ಪಕ್ಕದಲ್ಲಿ ನಿಂತಿದ್ದೆ. ತಪ್ಪಾಯಿತು ಅವ್ವ ಅಂದೆ.

ಅವರು ನನ್ನನ್ನು ನೋಡಿದರು. "ಅವ್ರಂಗೇ ಇತ್ತು ಕಣಪ್ಪ ದನಿ" ಅಂದರು.

ಅಧಿಕಾರಿ ಬರೆದಂತೆ ಸುಣ್ಣದ ಗೆರೆ ಎಳೆಸಿ, ನಾವು ಆ ಅಂಚಿನ ಮೇಲೆ ಮತ್ತೆ ಡ್ರೋನ್ ಹಾರಿಸಿದೆವು. ಹೊಸ ಶಟರಿನ ಸದ್ದು ಬೆಂಕಿಪೊಟ್ಟಣ ತಟ್ಟಿದ ಹಾಗೆ, ಒಂದೇ ಪೆಟ್ಟು. ಚಿತ್ರಗಳನ್ನು ಒಂದೊಂದಾಗಿ, ಮುನ್ನೂರಕ್ಕೂ ಹೆಚ್ಚು, ಜಗಲಿಯಲ್ಲಿ ಒಬ್ಬನೇ ಕೂತು ನೋಡಿದೆ. ಒಂದೂ ಕೆಟ್ಟಿರಲಿಲ್ಲ. ಓಣಿಯ ಅರ್ಧದ ತನಕ ಅಗಲವಾಗಿ ಹೋದ ಗೆರೆ, ಅಲ್ಲಿ ಒಮ್ಮೆಗೇ ಮೊಣಕೈ ಮಡಿಸಿದ ಹಾಗೆ ಒಳಕ್ಕೆ ತಿರುಗಿ, ಗೋಡೆಯ ಹತ್ತಿರಕ್ಕೆ ಬಂದು, ಕಿರಿದಾಗಿ ಹಿತ್ತಲಿಗೆ ಹೋಗುತ್ತಿತ್ತು. ಒಂದು ಬೆರಳಿನಷ್ಟೂ ವ್ಯತ್ಯಾಸವಿಲ್ಲದೆ, ಬಿಳಿಯಾಗಿ, ಸ್ಪಷ್ಟವಾಗಿ ಬಂದಿತ್ತು. ಹಕ್ಕುಪತ್ರದ ನಕ್ಷೆಯಲ್ಲೂ ಹಾಗೇ ಇದೆ. ಯಾಕೆ ಹೀಗೆ ಎಂದು ಮುಂದೆ ನೋಡುವವರಿಗೆ ಗೊತ್ತಾಗುವುದಿಲ್ಲ. ಹಳೆಯ ಗೋಡೆಯೋ ಬಾವಿಯೋ ಇದ್ದಿರಬೇಕು ಎಂದುಕೊಳ್ಳುತ್ತಾರೆ.

ಈ ವರ್ಷ ಪಕ್ಕದೂರಿನ ಕೆಲಸಕ್ಕೆ ಹೋದಾಗ ಅಲ್ಲಿಗೂ ಹೋದೆ. ಅಣ್ಣ ರಸ್ತೆಯಲ್ಲೇ ನಿಂತರು, ನೀನು ಹೋಗಿ ಬಾ ಅಂದರು. ಆಕೆ ಓಣಿಯಲ್ಲಿದ್ದರು. ದನ ಈಗ ಓಣಿಯಲ್ಲೇ ಇರುತ್ತದೆ. ಲಾರಿ ರಸ್ತೆಗೆ ಹೊಡೆಯುವುದನ್ನು ಬಿಟ್ಟು, ಅಗಲ ಮುಗಿಯುವ ಜಾಗದಲ್ಲಿ ಗೂಟ ಹೊಡೆದು, ಮೇಲೆ ತಗಡಿನ ಶೀಟು ಹಾಕಿದ್ದಾರೆ. ಅಲ್ಲೇ ಹಾಲು ಕರೆಯುತ್ತಾರೆ. ಹುಲ್ಲಿನ ಮೆದೆ ಹಿತ್ತಲಲ್ಲೇ ಇದೆ, ಗೊಬ್ಬರದ ಗುಂಡಿಯೂ ಅಲ್ಲೇ. ಹುಲ್ಲು ಈಚೆಗೆ, ಸಗಣಿ ಆಚೆಗೆ, ಎಲ್ಲ ತಲೆಯ ಮೇಲೆ.

ಕಾಪಿ ಕುಡ್ಕ ಓಗು ಅಂದರು. ಮೊದಲು ಆ ಮಂಕರಿ ಕೊಡಿ ಅಂದೆ. ಬೇಡವೆಂದರು, ಬಟ್ಟೆ ಗಲೀಜಾಗುತ್ತದೆ ಎಂದರು. ನಾನು ತೆಗೆದುಕೊಂಡೆ. ಸಗಣಿ ತುಂಬಿದ ಮಂಕರಿ ತಲೆಗೆ ಭಾರವಾಗಿತ್ತು. ಗೂಟ ದಾಟಿ ಓರೆಯಾಗಿ ಹೆಜ್ಜೆಯಿಡುತ್ತಾ ಹೋದೆ; ಒಂದು ಮೊಣಕೈ ಗೋಡೆಗೆ, ಇನ್ನೊಂದು ಯಜಮಾನರ ಮಕ್ಕಳ ಸೌದೆಗೆ ತರಚುತ್ತಿತ್ತು. ಹಿಂದೆ ದನ ಕತ್ತು ಚಾಚಿ ನೋಡುತ್ತಿತ್ತು. ನಿಧಾನ ಕಣಪ್ಪ, ಅಲ್ಲಿಂದ ಮುಂದಕ್ಕ ಇನ್ನೂ ಇಕ್ಕಟ್ಟು ಎಂದು ಆಕೆ ಹೇಳುತ್ತಿದ್ದರು.